ಕಿಟ್ಟೆಲ್ ಸಾಹೇಬರ ಕೋಶದೊಳಗ ನಮ್ಮ ಸೀಮೆ

ಕನ್ನಡದ ಮೊದಲ ಪದಕೋಶ ಬರೆದವರು ಯಾರು ಅಂತ ಯಾರನ್ನಾದರೂ ಕೇಳಿ ನೋಡ್ರಿ. ಹತ್ತರಲ್ಲಿ ಒಂಬತ್ತು ಮಂದಿ ಕಿಟ್ಟೆಲ್ ಅಂತಾರೆ. ಮುಧೋಳದವರು ಈ ಉತ್ತರ ಕೇಳಿ ಸುಮ್ಮನೆ ಕೂಡುವ ಹಾಗಿಲ್ಲ. ಯಾಕಂದರೆ ಕಿಟ್ಟೆಲ್ ಹುಟ್ಟುವುದಕ್ಕೆ ಎಂಟು ನೂರು ವರ್ಷಕ್ಕೂ ಹಿಂದೆ, ಮುಧೋಳದ ಬಳೆಗಾರರ ಮನೆತನದ ಒಬ್ಬ ಹುಡುಗ ಪದಗಳ ಅರ್ಥ ಹೇಳುವ ಪುಸ್ತಕ ಬರೆದಿದ್ದ. ಅವನ ಹೆಸರು ರನ್ನ. ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿ ಅನಿಸಿಕೊಂಡವನು, ‘ಅಜಿತಪುರಾಣ’ ಮತ್ತು ‘ಗದಾಯುದ್ಧ’ ಬರೆದವನು. ಶಾಲೆಯಲ್ಲಿ ನಮಗೆ ಇಷ್ಟು ಹೇಳಿಕೊಡುತ್ತಾರೆ. ಆದರೆ ಅವನ ಹೆಸರಿನಲ್ಲಿ ‘ರನ್ನಕಂದ’ ಎಂಬ ನಿಘಂಟೂ ಒಂದು ಇತ್ತು ಅನ್ನುವ ಮಾತು ಪರೀಕ್ಷೆಯ ಒಂದು ಅಂಕದ ಪ್ರಶ್ನೆಗೂ ಬರುವುದು ಅಪರೂಪ. ಅದರಲ್ಲಿ ಈಗ ಉಳಿದಿರುವುದು ಹತ್ತು-ಹನ್ನೆರಡು ಪದ್ಯ ಮಾತ್ರ. ಉಳಿದದ್ದು ಯಾವ ಮನೆಯ ಅಟ್ಟದ ಮೇಲೆ ಗೆದ್ದಲು ತಿಂದಿತೋ, ಯಾವ ಹೊಳೆಯ ಪಾಲಾಯಿತೋ.

ಹತ್ತು-ಹನ್ನೆರಡು ಪದ್ಯ ಬಿಟ್ಟು ಉಳಿದದ್ದು ಹೋಯಿತು ಅನ್ನುವ ಈ ಸಂಗತಿಯನ್ನು ಒಂಚೂರು ನೆನಪಿಟ್ಟುಕೊಳ್ಳಿ. ಪದಕೋಶ ಮಾಡುವುದು ಒಂದು ಕೆಲಸ, ಅದನ್ನು ಉಳಿಸಿಕೊಳ್ಳುವುದು ಇನ್ನೊಂದು ಕೆಲಸ. ಕಿಟ್ಟೆಲ್ ಈ ಎರಡನ್ನೂ ಮಾಡಿದರು. ಅವರು ಎಲ್ಲೋ ಮಂಗಳೂರು, ಧಾರವಾಡದಲ್ಲಿ ಕೂತು ಮಾಡಿದ ಕೆಲಸಕ್ಕೂ ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗೂ ಏನು ಸಂಬಂಧ ಅಂತ ಹೇಳುವುದಕ್ಕೇ ಈ ಬರಹ.

ಮೊದಲಿಗೆ ಹಳೆಯ ನಿಘಂಟುಗಳು ಹೆಂಗಿದ್ದವು ಅಂತ ನೋಡೋಣ. ಅವು ಪದ್ಯದಲ್ಲಿದ್ದವು. ‘ರನ್ನಕಂದ’ದ ಹೆಸರೇ ಹೇಳುವಂತೆ ಅದು ಕಂದಪದ್ಯಗಳ ಪುಸ್ತಕ. ಆಮೇಲೆ 1398ರಲ್ಲಿ ಮಂಗರಾಜನ ನಿಘಂಟು ಬಂತು, 16ನೇ ಶತಮಾನದಲ್ಲಿ ಲಿಂಗಮಂತ್ರಿಯ ‘ಕಬ್ಬಿಗರ ಕೈಪಿಡಿ’ ಬಂತು. ಕೈಪಿಡಿಯ ಹೆಸರಿನಲ್ಲೇ ಅದರ ಗಿರಾಕಿ ಯಾರು ಅಂತ ಗೊತ್ತಾಗುತ್ತದೆ: ಕಬ್ಬಿಗರು, ಅಂದರೆ ಕವಿಗಳು. ಬಾಯಿಪಾಠ ಮಾಡಿಕೊಂಡು, ಕಾವ್ಯ ಓದುವಾಗ ಕಾವ್ಯ ಕಟ್ಟುವಾಗ ನೆನಪು ಮಾಡಿಕೊಳ್ಳಲಿಕ್ಕೆ ಇದ್ದ ಪುಸ್ತಕಗಳು ಅವು. ಅವುಗಳಲ್ಲಿ ಸೂರ್ಯನಿಗೆ ಹತ್ತು ಹೆಸರು ಸಿಕ್ಕಾವು, ತಾವರೆಗೆ ಇಪ್ಪತ್ತು ಸಿಕ್ಕಾವು. ನೇಕಾರ ಮಗ್ಗದ ಮುಂದೆ ಕೂತು ಆಡುವ ಮಾತಿಗೆ, ರೈತ ಹೊಲದಲ್ಲಿ ಎತ್ತಿಗೆ ಹೇಳುವ ಮಾತಿಗೆ ಅಲ್ಲಿ ಕೆಲಸವಿರಲಿಲ್ಲ. ಇದು ಆ ಕವಿಗಳ ತಪ್ಪಲ್ಲ, ಆ ಪುಸ್ತಕಗಳ ಕೆಲಸವೇ ಬೇರೆ ಇತ್ತು.

ಈಗ ಜರ್ಮನಿಯ ಸಾಹೇಬರ ಕಡೆ ಬರೋಣ. ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು 1832ರ ಏಪ್ರಿಲ್‌ನಲ್ಲಿ, ಜರ್ಮನಿಯ ಬಡಗಣ ಕರಾವಳಿಯ ರೆಸ್ಟರ್‌ಹಾಫ ಎಂಬ ಹಳ್ಳಿಯಲ್ಲಿ. ತಂದೆ ಚರ್ಚಿನ ಪಾದ್ರಿ. 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಶಾಲೆಗೆ ಸೇರಿದರು. 1853ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಅವರನ್ನು ಹಿಂದುಸ್ತಾನಕ್ಕೆ ಕಳಿಸಿದರು. ಬಂದ ಕೆಲಸ ಕ್ರೈಸ್ತ ಮತಪ್ರಚಾರ. ಇದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ. ಅವರಿಗೆ ಸಂಬಳ ಕೊಟ್ಟವರು ಪದಕೋಶಕ್ಕಾಗಿ ಕೊಟ್ಟದ್ದಲ್ಲ, ಜನರನ್ನು ತಮ್ಮ ಧರ್ಮಕ್ಕೆ ತರಲಿ ಅಂತ ಕೊಟ್ಟದ್ದು.

ಅವರು ಬಂದ ಹೊತ್ತಿಗೆ ನಮ್ಮ ಸೀಮೆಯ ಸ್ಥಿತಿ ಹೆಂಗಿತ್ತು? ಜಮಖಂಡಿಯಲ್ಲಿ ಪಟವರ್ಧನರ ಸಂಸ್ಥಾನ, ಮುಧೋಳದಲ್ಲಿ ಘೋರ್ಪಡೆಯವರ ಸಂಸ್ಥಾನ. ಸುತ್ತ ಬ್ರಿಟಿಷರ ಮುಂಬಯಿ ಇಲಾಖೆ. ಇಂಗ್ಲಿಷರ ಕಾಗದಪತ್ರದಲ್ಲಿ ಈ ಇಡೀ ಸೀಮೆಗೆ ‘ದಕ್ಷಿಣ ಮರಾಠಾ ಸೀಮೆ’ ಅಂತ ಹೆಸರು. ಮನೆಯಲ್ಲಿ ಕನ್ನಡ, ಹೊಲದಲ್ಲಿ ಕನ್ನಡ, ಭಜನಿಯಲ್ಲಿ ಕನ್ನಡ. ಕಚೇರಿಯ ಮೆಟ್ಟಿಲು ಹತ್ತಿದರೆ ಮಾತ್ರ ಮೋಡಿ ಅಕ್ಷರದ ಮರಾಠಿ. ಶಾಲೆಗಳಲ್ಲಿಯೂ ಮರಾಠಿಯದೇ ಜೋರು. ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಾಗಿ ಓಡಾಡಿದ್ದು ಇದೇ ಕಾಲದಲ್ಲಿ. ಸರಕಾರ ಕೊಟ್ಟ ಹೆಸರಿನಲ್ಲೇ ‘ಕನ್ನಡ’ ಇಲ್ಲದ ನಾಡಿನಲ್ಲಿ, ಕನ್ನಡವನ್ನು ಕಲಿಯಬೇಕು ಅಂತ ಒಬ್ಬ ಪರದೇಶಿ ಹುಡುಗ ಬಂದು ಇಳಿದ. 

ಅವರಿಗಿಂತ ಮೊದಲೇ ಬಾಸೆಲ್ ಮಿಶನ್ನಿನವರು ಇಲ್ಲಿ ನೆಲೆಯೂರಿದ್ದರು. 1837ರಲ್ಲಿ ಧಾರವಾಡ, ಆಮೇಲೆ ಹುಬ್ಬಳ್ಳಿ, ಗದಗ-ಬೆಟಗೇರಿ. ನಮಗೆ ಹತ್ತಿರದ ಗುಳೇದಗುಡ್ಡದಲ್ಲೂ, ನೇಕಾರರ ಊರು ಅಂತಲೇ ಇರಬೇಕು, ಒಂದು ಠಾಣ್ಯ ಮಾಡಿಕೊಂಡರು. 1843ರಲ್ಲಿ ‘ಮಂಗಳೂರ ಸಮಾಚಾರ’ ಎಂಬ ಕನ್ನಡದ ಮೊದಲ ಪತ್ರಿಕೆ ತಂದ ಹರ್ಮನ್ ಮೋಗ್ಲಿಂಗ್ ಇದೇ ಬಳಗದವರು. ಮೋಗ್ಲಿಂಗ್ ತಾಳೆಗರಿಗಳನ್ನು ಹುಡುಕಿ, ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದ್ದರು. ಅಂದರೆ ಕಿಟ್ಟೆಲ್ ಬರುವ ಹೊತ್ತಿಗೆ ಹಳೆಯ ಓಲೆ ಕೂಡಿಸುವ, ಒಂದು ಪ್ರತಿಯನ್ನು ಇನ್ನೊಂದರ ಜೊತೆ ತಾಳೆ ನೋಡುವ ರೂಢಿ ಆ ಮಂದಿಯಲ್ಲಿ ಬಿದ್ದಿತ್ತು.

ಆದರೆ ಕಿಟ್ಟೆಲ್ ಈ ಹಾದಿಯಲ್ಲಿ ಉಳಿದವರಿಗಿಂತ ಬಹಳ ದೂರ ಹೋದರು. ಉಪದೇಶಕ್ಕೆ ಬೇಕಾದಷ್ಟು ಕನ್ನಡ ಕಲಿತು ಕೂಡಲಿಲ್ಲ. ಹಳ್ಳಿ ತಿರುಗಿದರು, ಪಂಡಿತರ ಹತ್ತಿರ ಕೂತು ಹಳಗನ್ನಡ ಓದಿದರು, ಕನ್ನಡ ಛಂದಸ್ಸು ಕಲಿತು 1862ರಲ್ಲಿ ‘ಕಥಾಮಾಲೆ’ ಎಂಬ ಪುಸ್ತಕದಲ್ಲಿ ಯೇಸುವಿನ ಕಥೆಯನ್ನು ನಮ್ಮ ಪದ್ಯದ ಧಾಟಿಯಲ್ಲೇ ಬರೆದರು. ಮಿಶನ್ನಿನೊಳಗೆ ಇದು ಎಲ್ಲರಿಗೂ ರುಚಿಸಲಿಲ್ಲ. ಪ್ರಚಾರಕ್ಕೆ ಬಂದವನು ಪುಸ್ತಕದಲ್ಲೇ ಮುಳುಗಿದ್ದಾನೆ ಅನ್ನುವ ಮುನಿಸು ಅವರನ್ನು ಬಹಳ ಕಾಲ ಬೆನ್ನುಹತ್ತಿತ್ತು. ಯಾವ ಕೆಲಸಕ್ಕೆ ಕಳಿಸಿದ್ದರೋ ಆ ಕೆಲಸದಲ್ಲಿ ಅವರದು ಹೇಳಿಕೊಳ್ಳುವಂಥ ಸಾಧನೆಯಲ್ಲ. ಯಾವುದನ್ನು ಬಿಡು ಅಂದರೋ ಅದರಿಂದಲೇ ಅವರ ಹೆಸರು ಉಳಿಯಿತು.

1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ ಅಚ್ಚಿಗೆ ಕೊಟ್ಟರು. 1875ರಲ್ಲಿ ನಾಗವರ್ಮನ ಛಂದಸ್ಸಿನ ಪುಸ್ತಕ. ಒಂದು ಕನ್ನಡದ ವ್ಯಾಕರಣ, ಇನ್ನೊಂದು ಕನ್ನಡದ ಪದ್ಯರಚನೆಯ ಲೆಕ್ಕ. ಬೇರೆ ಬೇರೆ ಊರುಗಳ ಹಸ್ತಪ್ರತಿ ತರಿಸಿ, ಎಲ್ಲಿ ಯಾವ ಪಾಠ ಇದೆ ಅಂತ ಗುರುತು ಹಾಕಿ ಮಾಡಿದ ಕೆಲಸ. ದಫ್ತರ ಕಾಯುವವನ ಶಿಸ್ತು ಅಂತೀವಲ್ಲ, ಅದು ಅವರಿಗೆ ಇತ್ತು: ಯಾವ ಕಾಗದ ಎಲ್ಲಿಂದ ಬಂತು ಅನ್ನುವುದನ್ನು ಬರೆಯದೆ ಮುಂದೆ ಹೋಗುವುದಿಲ್ಲ. ಈ ಶಿಸ್ತನ್ನೇ ಅವರು ಮುಂದೆ ಒಂದೊಂದು ಪದಕ್ಕೂ ಹಚ್ಚಿದರು.

ಪದಕೋಶದ ಕೆಲಸ ಎರಡು ದಶಕ ಹಿಡಿಯಿತು. ಅವರಿಗೆ ಮುಂಚೆ ಬಳ್ಳಾರಿಯಲ್ಲಿದ್ದ ವಿಲಿಯಂ ರೀವ್ ಎಂಬ ಇಂಗ್ಲಿಷ್ ಪಾದ್ರಿಯ ಕನ್ನಡ-ಇಂಗ್ಲಿಷ್ ಕೋಶ 1832ರಲ್ಲಿ ಬಂದಿತ್ತು. ಅದು ಸಾಲದು ಅಂತ ಬಲ್ಲವರಿಗೆಲ್ಲ ಗೊತ್ತಿತ್ತು. ಅತ್ತ ಮಲಯಾಳಕ್ಕೆ ಇದೇ ಬಾಸೆಲ್ ಬಳಗದ ಹರ್ಮನ್ ಗುಂಡರ್ಟ್ 1872ರಲ್ಲಿ ಕೋಶ ಕೊಟ್ಟಿದ್ದರು. ತುಳುವಿಗೆ ಮ್ಯಾನರ್ 1886ರಲ್ಲಿ ಕೊಟ್ಟರು. ಕಿಟ್ಟೆಲ್ 1877ರಲ್ಲಿ ಜರ್ಮನಿಗೆ ಹೋದವರು, 1883ರಲ್ಲಿ ಈ ಕೋಶದ ಸಲುವಾಗಿಯೇ ಮತ್ತೆ ಬಂದರು. ಆಗ ವಯಸ್ಸು ಐವತ್ತು ದಾಟಿತ್ತು. 1892ರ ತನಕ ಇಲ್ಲಿದ್ದು, ಕೊನೆಗೆ ಟ್ಯೂಬಿಂಗನ್ ಊರಿಗೆ ಮರಳಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಪುಸ್ತಕ ಅಚ್ಚಾಗಿ ಹೊರಬಂತು. ಸುಮಾರು 70,000 ಪದ, 1,700ಕ್ಕೂ ಹೆಚ್ಚು ಪುಟ. ಕಂಪ್ಯೂಟರ್ ಬಿಡಿ, ಬಗಲಿಗೆ ಒಂದು ಟೈಪ್ ಮಷೀನೂ ಇಲ್ಲದ ಕಾಲ. ಪಂಡಿತರ ನೆರವಿತ್ತು ನಿಜ, ಆದರೆ ಎಲ್ಲ ಎಳೆಗಳನ್ನು ಹಿಡಿದುಕೊಂಡು ಕೂತ ಕೈ ಒಂದೇ.

ದೊಡ್ಡದು ಅನ್ನುವುದು ಅಷ್ಟು ಮುಖ್ಯವಲ್ಲ. ಒಂದು ಪದವನ್ನು ಅವರು ಹೆಂಗೆ ನಡೆಸಿಕೊಂಡರು ಅನ್ನುವುದು ಮುಖ್ಯ. ನಮ್ಮ ಸೀಮೆಯ ಪದಗಳನ್ನೇ ಇಟ್ಟುಕೊಂಡು ಹೇಳ್ತೀನಿ.

ರಬಕವಿ-ಬನಹಟ್ಟಿಯಲ್ಲಿ ಹುಟ್ಟಿದವರಿಗೆ ಹಾಸು, ಹೊಕ್ಕು ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲು ಹಾಸು. ಲಾಳಿ ಅಡ್ಡಡ್ಡ ಓಡಿ ಸೇರಿಸುವ ನೂಲು ಹೊಕ್ಕು. ಬೆಂಗಳೂರಿನ ಪತ್ರಿಕೆಯವರು ‘ಭ್ರಷ್ಟಾಚಾರ ಹಾಸುಹೊಕ್ಕಾಗಿದೆ’ ಅಂತ ದಿನಕ್ಕೊಂದು ಸಲ ಬರೆಯುತ್ತಾರೆ. ಅದು ನೇಕಾರರ ಮನೆಯ ಮಾತು ಅನ್ನುವುದು ಎಷ್ಟು ಮಂದಿಗೆ ಗೊತ್ತೋ. ಈ ಪದಗಳ ಬೆನ್ನುಹತ್ತಿದರೆ ಹಕಾರದಿಂದ ಪಕಾರಕ್ಕೆ ಹೋಗಬೇಕಾಗುತ್ತದೆ, ಯಾಕಂದರೆ ಹಳಗನ್ನಡದ ಪಕಾರವೇ ಮುಂದೆ ಹಕಾರವಾಯಿತು. ಪಾಲು ಹಾಲಾದಂತೆ, ಪಾಸು ಹಾಸಾಯಿತು. ‘ಪುಗು’ ಅಂದರೆ ಒಳಗೆ ಹೋಗು. ಅದರ ‘ಪೊಕ್ಕು’ ಇವತ್ತಿನ ಹೊಕ್ಕು. ಹಾಸಿದ ನೂಲಿನೊಳಗೆ ಹೊಕ್ಕ ನೂಲು. ಕಿಟ್ಟೆಲ್ ಕೋಶ ಹಿಂಗೆ ಹೊಸ ರೂಪದಿಂದ ಹಳೆಯ ರೂಪಕ್ಕೆ ಕೈಹಿಡಿದು ನಡೆಸುತ್ತದೆ. ಅಷ್ಟೇ ಅಲ್ಲ, ಪಕ್ಕದಲ್ಲಿ ತಮಿಳು, ತೆಲುಗು, ಮಲಯಾಳ, ತುಳುವಿನ ಅಣ್ಣತಮ್ಮಂದಿರನ್ನೂ ಕೂಡಿಸುತ್ತದೆ. ರನ್ನ ಮುಧೋಳದಲ್ಲಿ ‘ಪುಗು’ ಅಂದಿದ್ದನ್ನೇ ಸಾವಿರ ವರ್ಷದ ಮೇಲೆ ಐದು ಹರಿದಾರಿ ಆಚೆಯ ಮಗ್ಗದ ಮನೆಯಲ್ಲಿ ‘ಹೊಕ್ಕು’ ಅನ್ನುತ್ತಾರೆ. ಈ ನಂಟನ್ನು ಯಾವ ಶಾಸನವೂ ಹೇಳುವುದಿಲ್ಲ, ಪದಕೋಶ ಹೇಳುತ್ತದೆ.

ಇನ್ನೊಂದು ನೋಡ್ರಿ. ಮುಧೋಳ, ಜಮಖಂಡಿ, ಮಹಾಲಿಂಗಪುರದ ಕಡೆ ಕಬ್ಬು ಅಂದರೆ ಜೀವ. ಫ್ಯಾಕ್ಟರಿ ಬರುವ ಮುಂಚೆ ಊರೂರಿಗೆ ಆಲೆಮನಿ ಇದ್ದವು. ಕಬ್ಬು ಹಿಂಡುವ ಯಂತ್ರಕ್ಕೆ ನಾವು ಗಾಣ ಅಂತೀವಿ. ಹಂಗಾದರೆ ಆಲೆಮನಿಯಲ್ಲಿ ‘ಆಲೆ’ ಅಂದರೇನು? ಕಬ್ಬಿನ ಗಾಣಕ್ಕೆ ಇದ್ದ ಹಳೆಯ ಕನ್ನಡ ಹೆಸರೇ ಆಲೆ. ಒಂಟಿಯಾಗಿ ಸತ್ತ ಪದ ಮನೆಯ ಜೊತೆ ಸೇರಿ ಬದುಕಿಕೊಂಡಿತು. ಕಿಟ್ಟೆಲ್ ತೆಗೆದರೆ ಆಲೆ ತನ್ನ ಅರ್ಥದ ಸಮೇತ ಅಲ್ಲಿ ಕೂತಿದೆ.

ಹಗೇವು ಅನ್ನುವ ಪದ ನಿಮ್ಮ ಮನೆಯಲ್ಲಿ ಇನ್ನೂ ಯಾರಾದರೂ ಅಂತಾರೇನು? ಜೋಳ ತುಂಬಿಡಲಿಕ್ಕೆ ನೆಲದೊಳಗೆ ತೋಡಿದ ಕಣಜ. ಬರ ಬಂದಾಗ ಊರು ಉಳಿಸುತ್ತಿದ್ದದ್ದು ಅದೇ. ಈಗ ಹಗೇವುಗಳನ್ನು ಮುಚ್ಚಿ ಮೇಲೆ ಕಾಂಕ್ರೀಟ್ ರಸ್ತೆ ಹಾಕಿ ಆಗಿದೆ. ನಾನು ಕಲಿಯಲಿಕ್ಕೆ ದೂರದ ಊರಿಗೆ ಹೋದಾಗ ಒಂದು ಪ್ರಬಂಧದಲ್ಲಿ ಈ ಪದ ಬರೆದಿದ್ದೆ. ತಿದ್ದಿದವರು ಅದರ ಕೆಳಗೆ ಕೆಂಪು ಗೆರೆ ಎಳೆದು ‘ಗ್ರಾಮ್ಯ, ಶುದ್ಧ ಕನ್ನಡ ಬಳಸಿ’ ಅಂತ ಬರೆದು ಕೊಟ್ಟರು. ನಾನು ಗ್ರಂಥಾಲಯಕ್ಕೆ ಹೋಗಿ ಕಿಟ್ಟೆಲ್ ತೆಗೆದು ನೋಡಿದೆ. ಪದ ಅಲ್ಲಿತ್ತು. ನೆಲದೊಳಗಿನ ಕಣಜ ಅಂತ ಅರ್ಥವೂ ಇತ್ತು. ಅವತ್ತು ನನಗೆ ಆದ ಹಿಗ್ಗು ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ. ನಮ್ಮ ಅಜ್ಜಿಯ ಮಾತು ತಪ್ಪು ಕನ್ನಡವಲ್ಲ ಅಂತ ನೂರು ವರ್ಷದ ಹಿಂದೆಯೇ ಒಬ್ಬರು ಬರೆದಿಟ್ಟು ಹೋಗಿದ್ದರು.

ಕಿಟ್ಟೆಲ್ ಅವರ ದೊಡ್ಡತನ ನನಗೆ ಕಾಣುವುದು ಇಲ್ಲಿಯೇ. ಅವರು ಕಾವ್ಯದ ಪದ ತಂದರು, ಶಬ್ದಮಣಿದರ್ಪಣದ ಪದ ತಂದರು, ಹಿಂದೆ ಹೇಳಿದ ಪದ್ಯದ ನಿಘಂಟುಗಳನ್ನೂ ಜಾಲಾಡಿದರು. ಅವುಗಳ ಪಕ್ಕದಲ್ಲೇ ಗಾದೆಮಾತು ತಂದು ಕೂಡಿಸಿದರು, ಸಂತೆಯ ಮಾತು, ಅಡಿಗೆ ಮನೆಯ ಮಾತು ಕೂಡಿಸಿದರು. ಕಾವ್ಯದಿಂದ ಬಂದ ಪದಕ್ಕೆ ಕಾವ್ಯದ ಗುರುತು. ಬಾಯಿಂದ ಬಂದ ಪದಕ್ಕೆ ಯಾವ ಸೀಮೆಯ ಬಾಯಿ ಅನ್ನುವ ಗುರುತು. ಮೈಸೂರು ಸೀಮೆಯದಕ್ಕೆ ಮೈಸೂರಿನ ಚುಟುಕು ಚಿಹ್ನೆ, ನಮ್ಮ ಕಡೆಯದಕ್ಕೆ ದಕ್ಷಿಣ ಮರಾಠಾ ಸೀಮೆಯ ಚುಟುಕು ಚಿಹ್ನೆ. ಸರಕಾರದ ದಫ್ತರದಲ್ಲಿ ನಮ್ಮ ನಾಡನ್ನು ಮರಾಠಾ ಅಂತ ಕರೆಯುತ್ತಿದ್ದ ಅದೇ ಹೆಸರು, ಈ ಪುಸ್ತಕದೊಳಗೆ ‘ಇದು ಅಲ್ಲಿಯ ಕನ್ನಡ’ ಅಂತ ಸಾಕ್ಷಿ ಹೇಳಲಿಕ್ಕೆ ನಿಂತಿತು. ಇದಕ್ಕಿಂತ ಚೆಂದದ ತಿರುವು ಇನ್ನೇನು ಬೇಕು?

ಸೀಮೆಯ ಗುರುತು ಹಾಕುವುದಕ್ಕೂ ‘ಗ್ರಾಮ್ಯ’ ಅಂತ ಗೆರೆ ಎಳೆಯುವುದಕ್ಕೂ ಅಜಗಜ ವ್ಯತ್ಯಾಸ. ಗ್ರಾಮ್ಯ ಅಂದವರು ಪದವನ್ನು ಹೊರಗೆ ಹಾಕುತ್ತಾರೆ. ಸೀಮೆ ಹೆಸರಿಸಿದವರು ಪದಕ್ಕೆ ಮನೆಯ ವಿಳಾಸ ಬರೆದು ಒಳಗೆ ಕರೆದುಕೊಳ್ಳುತ್ತಾರೆ.

ಹಂಗಂತ ಕಿಟ್ಟೆಲ್ ಕೋಶದಲ್ಲಿ ಎಲ್ಲ ಇದೆ ಅಂತ ಪೂಜೆಗೆ ಕೂಡಬೇಕಾಗಿಲ್ಲ. ಪಂಪಭಾರತ ಮತ್ತು ‘ಕವಿರಾಜಮಾರ್ಗ’ ಅಚ್ಚಾದದ್ದು 1898ರಲ್ಲಿ, ಕೋಶ ಬಂದ ನಾಲ್ಕು ವರ್ಷದ ಮೇಲೆ. ಹಿಂಗಾಗಿ ಹಳಗನ್ನಡದ ದೊಡ್ಡ ಖಜಾನೆಯೇ ಅವರ ಕೈಗೆ ಸರಿಯಾಗಿ ಸಿಕ್ಕಿರಲಿಲ್ಲ. ಸಂಸ್ಕೃತದ ನೂರಾರು ಪದಗಳು ದ್ರಾವಿಡದಿಂದ ಹೋದವು ಅಂತ ಅವರು ಮಾಡಿದ ಪಟ್ಟಿಯಲ್ಲಿ ಎಲ್ಲವನ್ನೂ ಮುಂದಿನ ವಿದ್ವಾಂಸರು ಒಪ್ಪಲಿಲ್ಲ. ಇನ್ನೂ ಒಂದು ಮಾತು. ಅರ್ಥ ಕೊಟ್ಟದ್ದು ಇಂಗ್ಲಿಷಿನಲ್ಲಿ. ನೇಕಾರನ ಪದ ಪುಸ್ತಕದೊಳಗೆ ಹೋಯಿತು, ಆದರೆ ಆ ಪುಸ್ತಕ ನೇಕಾರನಿಗೆ ಓದಲಿಕ್ಕೆ ಬರುತ್ತಿರಲಿಲ್ಲ. ಈ ಕೊರತೆಗಳನ್ನು ತುಂಬಿದವರು ನಮ್ಮವರೇ. 1968ರಿಂದ 1971ರ ನಡುವೆ ಎಂ. ಮರಿಯಪ್ಪ ಭಟ್ಟರು ಮದ್ರಾಸ್ ವಿಶ್ವವಿದ್ಯಾಲಯಕ್ಕಾಗಿ ಕಿಟ್ಟೆಲ್ ಕೋಶವನ್ನು ಪರಿಷ್ಕರಿಸಿ ನಾಲ್ಕು ಸಂಪುಟ ಮಾಡಿದರು. ಕನ್ನಡ ಸಾಹಿತ್ಯ ಪರಿಷತ್ತು ಕನ್ನಡಕ್ಕೆ ಕನ್ನಡದಲ್ಲೇ ಅರ್ಥ ಹೇಳುವ ಎಂಟು ಸಂಪುಟಗಳ ನಿಘಂಟನ್ನು 1970ರಿಂದ 1995ರವರೆಗೆ ಹೊರತಂದಿತು. ಒಬ್ಬ ಮನುಷ್ಯ ಹಾಕಿದ ಪಾಯದ ಮೇಲೆ ಒಂದು ದೊಡ್ಡ ಬಳಗ ಕೂತು ಕಟ್ಟಿದ ಮನೆ ಅದು.

ಮಾತು ಉಳಿಸಿದ ಪರದೇಶದವರು ಕಿಟ್ಟೆಲ್ ಒಬ್ಬರೇ ಅಲ್ಲ. 1857ರಲ್ಲಿ ಆಯುಧ ಒಪ್ಪಿಸಬೇಕು ಅನ್ನುವ ಕಾಯಿದೆಗೆ ಎದುರು ನಿಂತು ಮುಧೋಳ ಸೀಮೆಯ ಹಲಗಲಿಯ ಬೇಡರು ಜೀವ ತೆತ್ತರು. ಅವರ ಮೇಲೆ ಜನ ಕಟ್ಟಿ ಹಾಡಿದ ಲಾವಣಿಯನ್ನು ಮೊದಲು ಅಚ್ಚಿಗೆ ಕೊಟ್ಟವನು ಜೆ.ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ. ಬಂಡಾಯ ಹತ್ತಿಕ್ಕಿದ ಸರಕಾರದ ನೌಕರನೇ ಬಂಡಾಯದ ಹಾಡನ್ನು ಕಾಗದಕ್ಕೆ ಇಳಿಸಿದ. ಯಾರು ಯಾಕೆ ಬಂದರು ಅನ್ನುವುದು ಒಂದು ಲೆಕ್ಕ, ಏನು ಬಿಟ್ಟುಹೋದರು ಅನ್ನುವುದು ಇನ್ನೊಂದು ಲೆಕ್ಕ. ಇತಿಹಾಸ ಓದುವವರು ಎರಡನ್ನೂ ಬರೆದಿಡಬೇಕು.

ಅವರು ಬಂದು ಮಾಡಲಿ ಅಂತ ನಮ್ಮವರು ಕೈಕಟ್ಟಿ ಕೂತಿರಲಿಲ್ಲ ಅನ್ನುವುದಕ್ಕೂ ನಮ್ಮ ಸೀಮೆಯೇ ಸಾಕ್ಷಿ. ಕಿಟ್ಟೆಲ್ ತೀರಿಕೊಂಡದ್ದು 1903ರ ಡಿಸೆಂಬರಿನಲ್ಲಿ, ಅವರ ಕನ್ನಡ ವ್ಯಾಕರಣ ಅಚ್ಚಾದ ವರ್ಷವೇ. ಹೆಚ್ಚುಕಡಿಮೆ ಅದೇ ಕಾಲಕ್ಕೆ, ವಿಜಾಪುರದಲ್ಲಿ ವಕೀಲಿ ಹಿಡಿದ ಫ.ಗು. ಹಳಕಟ್ಟಿಯವರು ಶರಣರ ವಚನದ ತಾಳೆಗರಿ ಹುಡುಕಲಿಕ್ಕೆ ಶುರು ಮಾಡಿದರು. ರಬಕವಿ-ಬನಹಟ್ಟಿ ಸೀಮೆಯ ಮನೆಗಳಲ್ಲಿ ಜಗಲಿಯ ಮೇಲೆ ಪೂಜೆಗೆ ಇಟ್ಟಿದ್ದ ಓಲೆಯ ಕಟ್ಟುಗಳನ್ನು ನೋಡಿದ ಮೇಲೆಯೇ ಅವರಿಗೆ ಈ ಹುಚ್ಚು ಹತ್ತಿತು ಅಂತ ನಮ್ಮ ಕಡೆ ಹಿರಿಯರು ಇವತ್ತಿಗೂ ಹೇಳುತ್ತಾರೆ. ‘ವಚನಶಾಸ್ತ್ರಸಾರ’ವನ್ನು ಹಳಕಟ್ಟಿಯವರು ಮೊದಲು ಕಳಿಸಿದ್ದು ಕಿಟ್ಟೆಲ್ ಕೋಶ ಅಚ್ಚಾಗಿದ್ದ ಮಂಗಳೂರಿನ ಮುದ್ರಣಾಲಯಕ್ಕೇ. ಅಲ್ಲಿ ಆಗಲಿಲ್ಲ. ಕಡೆಗೆ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಹಳಕಟ್ಟಿಯವರು ಮನೆ ಮಾರಿ ಮುದ್ರಣಾಲಯ ನಡೆಸಿದರು, ಸೈಕಲ್ ಹತ್ತಿ ಊರೂರು ತಿರುಗಿದರು. ನೇಕಾರ ದಾಸಿಮಯ್ಯನ ಮಗ್ಗ, ಉಂಕಿ, ಲಾಳಿ ಎಲ್ಲ ಈ ದಾರಿಯಲ್ಲೇ ನಮ್ಮ ಕೈಗೆ ವಾಪಸ್ ಬಂದವು.

ಈಗ ಇವತ್ತಿನ ಮಾತಿಗೆ ಬರ್ತೀನಿ. ನಾನು ಈ ಇತಿಹಾಸ ಯಾಕೆ ಹೇಳಿದೆ ಅಂದರೆ, ಕಿಟ್ಟೆಲ್ ಕೋಶ ಮುಗಿದದ್ದು 1894ರಲ್ಲಿ. ನಮ್ಮ ಬದುಕು ಅಲ್ಲಿಗೆ ನಿಂತಿಲ್ಲ.

ನಮ್ಮ ಕಾಕಾ ಕುಣಿಮಗ್ಗದ ಮೇಲೆ ಮೂವತ್ತು ವರ್ಷ ನೇಯ್ದವರು. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅದು. ಮಗ್ಗದ ಒಂದೊಂದು ಕಟ್ಟಿಗೆ, ಒಂದೊಂದು ಹಗ್ಗ, ನೂಲು ಹರಿದಾಗ ಜೋಡಿಸುವ ಒಂದೊಂದು ಗಂಟು, ಸೀರಿಯ ದಡಿಯ ಒಂದೊಂದು ನಮೂನಿ, ಎಲ್ಲಕ್ಕೂ ಅವರ ಬಾಯಲ್ಲಿ ಹೆಸರಿತ್ತು. ಆಮೇಲೆ ವಿದ್ಯುತ್ ಮಗ್ಗ ಬಂತು. ಅದರ ಜೊತೆ ಬೀಮು, ಡಾಬಿ, ಜಕಾರ್ಡ್, ಕೋನು ಬಂದವು. ಇವೂ ಈಗ ನಮ್ಮ ಪದಗಳೇ, ಯಾಕಂದರೆ ನಮ್ಮ ಹೆಣ್ಣುಮಕ್ಕಳು ಇವನ್ನು ಇಟ್ಟುಕೊಂಡೇ ಕನ್ನಡ ಮಾತಾಡುತ್ತಾರೆ, ಜಗಳ ಮಾಡುತ್ತಾರೆ, ಕೂಲಿ ಲೆಕ್ಕ ಹಾಕುತ್ತಾರೆ. ಕಾಕಾ ಹೋದ ಮೇಲೆ ಕುಣಿಯನ್ನು ಮುಚ್ಚಿ ಫರಸಿ ಹಾಕಿಸಿದೆವು. ಕಟ್ಟಿಗೆ ಒಲೆಗೆ ಹೋಯಿತು. ಹೆಸರುಗಳು ಎಲ್ಲಿಗೆ ಹೋದವು?

ಬೀಳಗಿಯದು ಇನ್ನೂ ಕಠಿಣ ಕಥೆ. ಆಲಮಟ್ಟಿ ಆಣೆಕಟ್ಟಿನ ಹಿನ್ನೀರು ಏರಿದಾಗ ಕೃಷ್ಣೆ ಮತ್ತು ಘಟಪ್ರಭೆಯ ದಂಡೆಯ ಊರುಗಳು ನೀರಿನ ಕೆಳಗೆ ಹೋದವು. ‘ಮುಳುಗಡೆ’ ಅನ್ನುವ ಪದ ಬೇರೆ ಕಡೆ ಒಂದು ಸಾದಾ ಪದ. ಬೀಳಗಿ, ಬಾಗಲಕೋಟೆ ಕಡೆ ಅದು ಒಂದು ಕಾಲದ ಹೆಸರು. ‘ಮುಳುಗಡಿಗಿಂತ ಮುಂಚೆ’, ‘ಮುಳುಗಡಿ ಆದಮ್ಯಾಲೆ’ ಅಂತ ಮದುವೆಯ ವರ್ಷ, ಮಗ ಹುಟ್ಟಿದ ವರ್ಷ ಲೆಕ್ಕ ಹಾಕುತ್ತಾರೆ. ‘ಮುಳುಗಡೆ ರೊಕ್ಕ’ ಅಂದರೆ ಪರಿಹಾರದ ದುಡ್ಡು, ಆದರೆ ಆ ಮಾತಿನಲ್ಲಿ ದುಡ್ಡಿಗಿಂತ ಹೆಚ್ಚಿನದು ಏನೋ ಇದೆ. ಈ ಅರ್ಥವನ್ನು ಯಾವ ಕೋಶದಲ್ಲಿ ಹುಡುಕೋಣ? ಮುಳುಗಿದ ಹೊಲಗಳಿಗೆ ಒಂದೊಂದಕ್ಕೂ ಹೆಸರಿತ್ತು. ಎರಿ, ಮಸಾರಿ, ಮಡ್ಡಿ ಅನ್ನುವುದು ಮಣ್ಣಿನ ಜಾತಿಯಾಯಿತು, ಅದರೊಳಗೆ ಮತ್ತೆ ಹಳ್ಳದ ಪಟ್ಟಿ, ಗುಡಿ ಹಿಂದಿನ ತುಂಡು ಅಂತ ಮನೆಮಾತಿನ ಹೆಸರು. ಸರಕಾರದ ದಾಖಲೆಯಲ್ಲಿ ಸರ್ವೆ ನ
ಂಬರ್ ಉಳಿಯಿತು, ಹೆಸರು ಉಳಿಯಲಿಲ್ಲ.

ರನ್ನಕಂದದ ಹತ್ತು-ಹನ್ನೆರಡು ಪದ್ಯವನ್ನು ನೆನಪಿಟ್ಟುಕೊಳ್ಳಿ ಅಂದದ್ದು ಇದಕ್ಕೇ. ಕವಿಚಕ್ರವರ್ತಿಯ ಪುಸ್ತಕವೇ ಕಳೆದುಹೋಗುತ್ತದೆ ಅಂದಮೇಲೆ ಕಾಕಾನ ಬಾಯಿಮಾತು ಎಷ್ಟರದು?

ಹಾಗಂತ ಅಳುತ್ತ ಕೂಡುವುದಕ್ಕಿಂತ ಕಿಟ್ಟೆಲ್ ಮಾಡಿದ್ದನ್ನು ಮಾಡುವುದು ಒಳ್ಳೆಯದು. ಅವರ ಹತ್ತಿರ ಇದ್ದ ಸಾಮಾನು ಏನು? ಕಾಗದ, ಶಾಯಿ, ಕೇಳುವ ಕಿವಿ. ನಮ್ಮ ಹತ್ತಿರ ಕಿಸೆಯಲ್ಲೇ ಮಾತು ಹಿಡಿಯುವ ಫೋನು ಇದೆ. ಒಬ್ಬರೇ ವರ್ಷಗಟ್ಟಲೆ ಕೂತು ಕೋಶ ಮಾಡುವುದು ಈ ಕಾಲಕ್ಕೂ ಆಗುತ್ತದೆ ಅನ್ನುವುದಕ್ಕೆ ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ದುಡಿದು ಕೊಟ್ಟ ‘ಅಲರ್’ ಕನ್ನಡ-ಇಂಗ್ಲಿಷ್ ಕೋಶ ಕಣ್ಣಮುಂದಿದೆ. ನಾವು ಅಷ್ಟು ದೊಡ್ಡದು ಮಾಡಬೇಕಾಗಿಲ್ಲ. ಒಂದು ಊರಿನ ಒಂದು ಕಸುಬಿನ ಪದಗಳಾದರೂ ಸಾಕು.

ಕಿಟ್ಟೆಲ್ ಕೆಲಸ ನೋಡಿ ನಾನು ತಿಳಿದುಕೊಂಡ ನಾಲ್ಕು ಮಾತು ಹೇಳ್ತೀನಿ. ಪದ ಹೇಳಿದವರ ಬಾಯಲ್ಲಿ ಹೆಂಗಿತ್ತೋ ಹಂಗೇ ಬರೆಯಿರಿ, ತಿದ್ದಬೇಡಿ. ಯಾವ ಊರು, ಯಾವ ಕಸುಬು ಅಂತ ಪಕ್ಕದಲ್ಲಿ ಬರೆಯಿರಿ. ಪದ ಒಂಟಿಯಾಗಿ ಬರೆಯದೆ, ಅದು ಬರುವ ಒಂದು ಮಾತು ಅಥವಾ ಗಾದೆಯನ್ನೂ ಜೊತೆಗೆ ಬರೆಯಿರಿ. ಮರಾಠಿಯಿಂದ ಬಂತು, ಉರ್ದುವಿನಿಂದ ಬಂತು, ಇಂಗ್ಲಿಷಿನಿಂದ ಬಂತು ಅಂತ ಯಾವುದನ್ನೂ ಬಿಡಬೇಡಿ, ಎಲ್ಲಿಂದ ಬಂತು ಅಂತ ಗುರುತು ಹಾಕಿ ಒಳಗೆ ಕರೆಯಿರಿ. ಇಷ್ಟು ಮಾಡಿದರೆ ಮುಂದೆ ವಿದ್ವಾಂಸರು ಬಂದು ಉಳಿದದ್ದನ್ನು ನೋಡಿಕೊಳ್ಳುತ್ತಾರೆ.

ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಕಿಟ್ಟೆಲ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯ ಹತ್ತಿರ ಅವರ ಪ್ರತಿಮೆ ನಿಂತಿದೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಮುಧೋಳದಲ್ಲಿ ರನ್ನನ ಹೆಸರಿನ ಭವನವಿದೆ, ತಾಲೂಕಿನಲ್ಲಿ ರನ್ನಬೆಳಗಲಿ ಊರೇ ಇದೆ. ಗೌರವ ಮಾಡುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಆದರೆ ಪದ ಕೂಡಿಸಿದವರಿಗೆ ಹಾರ ಹಾಕುವುದರ ಜೊತೆಗೆ ನಾಲ್ಕು ಪದ ಕೂಡಿಸಿದರೆ ಅವರಿಗೂ ಸಮಾಧಾನ.

ಬನಹಟ್ಟಿಯ ಯಾವುದೇ ಓಣಿಯಲ್ಲಿ ಇನ್ನೂ ಕುಣಿಮಗ್ಗದ ಕಾಲ ಕಂಡ ಒಬ್ಬ ಅಜ್ಜ, ಕಂಡಿಕಿ ಸುತ್ತಿದ ಒಬ್ಬ ಅವ್ವ ಸಿಗುತ್ತಾರೆ. ಬೀಳಗಿ ಕಡೆಯ ಪುನರ್ವಸತಿ ಕೇಂದ್ರಗಳಲ್ಲಿ ಮುಳುಗಿದ ಹೊಲದ ಹೆಸರು ಗೊತ್ತಿದ್ದವರು ಸಿಗುತ್ತಾರೆ. ಸಂಜೆ ಮಗ್ಗದ ಸದ್ದು ನಿಂತ ಮ್ಯಾಲೆ, ಒಂದು ವಹಿ ತಗೊಂಡು ಹೋಗಿ ಅವರ ಹತ್ತಿರ ಕೂಡ್ರಿ. ‘ಇದಕ್ಕ ಏನಂತೀರಿ?’ ಅಂತ ಕೇಳ್ರಿ. ಚಹಾ ಕೊಟ್ಟೇ ಕೊಡುತ್ತಾರೆ. ಎದ್ದು ಬರುವ ಮುಂದ ಹತ್ತು ಪದವಾದರೂ ವಹಿಯಲ್ಲಿರಲಿ.